ಅಮ್ಮನ ಹೆಸರಿದ್ದ ಕಾರ್ಡು

ಮದುವೆಗೆ ಮುಂಚೆ ಅವಳು ಬೆಂಗಳೂರಿನ ಪೀಣ್ಯದ ಹತ್ತಿರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದಳು. ಸಂಬಳ ತಿಂಗಳಿಗೆ 19,000 ರೂಪಾಯಿ. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತದ ಕೆಳಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು 143 ರೂಪಾಯಿ ಹಿಡಿದಿರುತ್ತಿದ್ದರು. ಅದು ಸಂಬಳದ ಶೇ 0.75. ಮಾಲೀಕರು ತಮ್ಮ ಪಾಲಿನ ಶೇ 3.25 ಸೇರಿಸಿ ಕಟ್ಟುತ್ತಿದ್ದರು. ಅಷ್ಟಕ್ಕೆ ಅವಳಿಗೂ ಅವಳ ಜೊತೆಯಲ್ಲಿದ್ದ ಅಮ್ಮನಿಗೂ ಡಾಕ್ಟರು, ಮಾತ್ರೆ, ರಕ್ತ ಪರೀಕ್ಷೆ, ಆಪರೇಷನ್ ಎಲ್ಲವೂ ಸಿಗುತ್ತಿತ್ತು. ಇಷ್ಟು ಲಕ್ಷದವರೆಗೆ ಮಾತ್ರ ಎಂಬ ಮಿತಿಯೂ ಇರಲಿಲ್ಲ.

ಅಮ್ಮ ಅವಳ ಜೊತೆಗೆ ಬಂದದ್ದು ಅಪ್ಪ ತೀರಿಕೊಂಡ ಮೇಲೆ, ತುಮಕೂರಿನ ಮನೆಗೆ ಬೀಗ ಹಾಕಿ. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇತ್ತು, ಬಿಪಿಯೂ ಇತ್ತು. ಮಗಳಿಗೆ ಥೈರಾಯ್ಡ್. ತಿಂಗಳಿಗೊಮ್ಮೆ ಇಬ್ಬರೂ ಡಿಸ್ಪೆನ್ಸರಿಗೆ ಹೋಗಿ ಟೋಕನ್ ತೆಗೆದುಕೊಂಡು ಕೂತರೆ ಮನೆಗೆ ಮರಳುವಾಗ ಅಮ್ಮನ ಬಟ್ಟೆಚೀಲದಲ್ಲಿ ಇಬ್ಬರ ಮಾತ್ರೆಗಳೂ ಇರುತ್ತಿದ್ದವು. ತಿಂಗಳ ಆದಾಯ 9,000 ರೂಪಾಯಿ ಮೀರದ, ದುಡಿಯುವ ಮಕ್ಕಳನ್ನೇ ನೆಚ್ಚಿಕೊಂಡ ತಂದೆತಾಯಿ ಇಎಸ್‌ಐ ಲೆಕ್ಕದಲ್ಲಿ ಕುಟುಂಬದವರು. ಹಾಗಾಗಿ ಮಗಳ ಕಾರ್ಡಿನಲ್ಲಿ ಅಮ್ಮನ ಹೆಸರು, ಅಮ್ಮನ ಫೋಟೊ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳ ಮನೆಗಳಲ್ಲಿ ಅಪ್ಪ ಅಮ್ಮನ ಔಷಧಿ ಬರುವುದು ಹೀಗೆಯೇ. ಮಗಳ ದುಡಿಮೆಯ ಈ ಪಾಲು ಮನೆಯ ಲೆಕ್ಕದ ಪುಸ್ತಕದಲ್ಲಿ ಯಾವತ್ತೂ ಬರುವುದಿಲ್ಲ. ಅವಳು ಮದುವೆಯಾಗಿ ದೂರ ಹೋದಾಗಲೇ ಅದು ಮನೆಯವರ ಕಣ್ಣಿಗೆ ಬೀಳುವುದು.

2022ರ ಫೆಬ್ರುವರಿಯಲ್ಲಿ ಅವಳ ಮದುವೆಯಾಯಿತು. ಹುಡುಗ ತಿಪಟೂರಿನ ಕಡೆಯವನು, ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸದಲ್ಲಿದ್ದು ಬ್ರಿಟನ್ನಿನ ಪೌರತ್ವ ಪಡೆದಿದ್ದ. ರಜೆ ಮುಗಿಸಿಕೊಂಡು ಅವನು ಹಿಂದಿರುಗಿದ. ಮಾರ್ಚ್ ಕೊನೆಗೆ ಅವಳು ಕೆಲಸ ಬಿಟ್ಟಳು. ವೀಸಾ ಕಾಗದಪತ್ರಗಳ ಓಡಾಟ ಶುರುವಾಯಿತು.

ಗಂಡನ ಬಳಿಗೆ ಹೋಗುವ ಬ್ರಿಟನ್ ವೀಸಾಕ್ಕೆ ಆಗ ಕೇಳುತ್ತಿದ್ದ ದಾಖಲೆಗಳು ಒಂದೆರಡಲ್ಲ. ಮದುವೆ ನೋಂದಣಿ ಪತ್ರ, ಗಂಡನಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯವಿದೆ ಎಂಬುದಕ್ಕೆ ಪುರಾವೆ, ಇಂಗ್ಲಿಷ್ ಪರೀಕ್ಷೆ, ಕ್ಷಯವಿಲ್ಲ ಎಂದು ತೋರಿಸಲು ಎದೆಯ ಎಕ್ಸ್‌ರೇ. ಆಗಿನ ಅರ್ಜಿ ಶುಲ್ಕ 1,538 ಪೌಂಡ್. ಇದೆಲ್ಲ ದಾಟಿದ ಮೇಲೆ ಆನ್‌ಲೈನ್ ಅರ್ಜಿಯ ಕೊನೆಯ ಹಂತದಲ್ಲಿ ಇನ್ನೊಂದು ಮೊತ್ತ ಬರುತ್ತದೆ. ಅದು ಆರೋಗ್ಯ ಸರ್ಚಾರ್ಜ್. ವಲಸೆ ಬರುವವರು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ ಬಳಸಲು ಮೊದಲೇ ಕಟ್ಟಬೇಕಾದ ಹಣ. 2015ರ ಏಪ್ರಿಲ್‌ನಲ್ಲಿ ಇದು ಜಾರಿಗೆ ಬಂದಾಗ ವರ್ಷಕ್ಕೆ 200 ಪೌಂಡ್ ಇತ್ತು. 2019ರ ಜನವರಿಯಲ್ಲಿ 400 ಆಯಿತು, 2020ರ ಅಕ್ಟೋಬರ್‌ನಲ್ಲಿ 624 ಆಯಿತು. ಅವಳ ವೀಸಾ 33 ತಿಂಗಳದ್ದು. ಎರಡು ವರ್ಷದ ಮೇಲೆ ಉಳಿಯುವ ಒಂಬತ್ತು ತಿಂಗಳನ್ನು ಪೂರ್ತಿ ವರ್ಷವೆಂದೇ ಹಿಡಿಯುತ್ತಾರೆ. ಹಾಗಾಗಿ ಮೂರು ವರ್ಷಕ್ಕೆ 1,872 ಪೌಂಡ್, ಆಗಿನ ದರದಲ್ಲಿ ಸುಮಾರು 1 ಲಕ್ಷ 80 ಸಾವಿರ ರೂಪಾಯಿ. ಅವಳ ಒಂಬತ್ತು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದನ್ನು ಕಟ್ಟದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ.

ಹಣ ಕಟ್ಟಿದವನು ಗಂಡ. ಅಲ್ಲಿಯವರೆಗೆ ತನ್ನ ಸಂಬಳದಿಂದ ತನಗೂ ಅಮ್ಮನಿಗೂ ಆಸ್ಪತ್ರೆಯ ದಾರಿ ಮಾಡಿಕೊಂಡಿದ್ದವಳು ಆ ದಿನದಿಂದ ಗಂಡನ ಆದಾಯದ ಮೇಲೆ, ಗಂಡನ ಪೌರತ್ವದ ಮೇಲೆ ನಿಂತ ಅರ್ಜಿದಾರಳಾದಳು. ಅವನು ಒಳ್ಳೆಯವನು, ಒಂದು ಮಾತೂ ಆಡದೆ ಕಟ್ಟಿದ. ಆದರೂ ಆ ಬದಲಾವಣೆಯ ಭಾರ ಅವಳಿಗೆ ಅರ್ಥವಾಗಿತ್ತು.

ಅವಳು ಬಿಟ್ಟು ಹೊರಟ ವ್ಯವಸ್ಥೆ ಮತ್ತು ಸೇರಲು ಹೊರಟ ವ್ಯವಸ್ಥೆ, ಎರಡೂ ಒಂದೇ ಕಾಲದಲ್ಲಿ ಹುಟ್ಟಿದವು. ಎರಡನೇ ಮಹಾಯುದ್ಧದ ನಡುವೆ, 1942ರ ಕೊನೆಗೆ, ಬ್ರಿಟನ್ನಿನಲ್ಲಿ ವಿಲಿಯಂ ಬೆವರಿಜ್ ಸಾಮಾಜಿಕ ಭದ್ರತೆಯ ವರದಿ ಕೊಟ್ಟರು. ಮರುವರ್ಷ ಭಾರತ ಸರ್ಕಾರ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು ಅರ್ಥಶಾಸ್ತ್ರಜ್ಞ ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಿತು. ಅವರು 1944ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದರು. ಜೊತೆಯವರು ಅವರನ್ನು ಛೋಟಾ ಬೆವರಿಜ್ ಎಂದೇ ಕರೆಯುತ್ತಿದ್ದರಂತೆ. ನಮ್ಮ ನೌಕರರ ರಾಜ್ಯ ವಿಮಾ ಕಾಯ್ದೆ ಬಂದದ್ದು 1948ರ ಏಪ್ರಿಲ್‌ನಲ್ಲಿ. ಬ್ರಿಟನ್ನಿನ ಎನ್‌ಎಚ್‌ಎಸ್‌ ಬಾಗಿಲು ತೆರೆದದ್ದು ಅದೇ ವರ್ಷದ ಜುಲೈ 5ರಂದು. ಇಎಸ್‌ಐ 1952ರ ಫೆಬ್ರುವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ 1958ರಲ್ಲಿ ಬೆಂಗಳೂರಿಗೆ ಬಂತು.

ಆದರೆ ಎರಡರ ಬುನಾದಿ ಬೇರೆ. ಬ್ರಿಟನ್ ತನ್ನ ನೆಲದಲ್ಲಿ ವಾಸವಾಗಿರುವವರೆಲ್ಲರಿಗೂ ತೆರಿಗೆಯ ಹಣದಿಂದ ಚಿಕಿತ್ಸೆ ಕೊಡಲು ಹೊರಟಿತು. ಆಗಷ್ಟೇ ಸ್ವತಂತ್ರವಾದ, ಕೈಯಲ್ಲಿ ಹಣವಿಲ್ಲದ ಭಾರತ ಕಂತು ಕಟ್ಟಬಲ್ಲ ಕಾರ್ಮಿಕರಿಂದ ಶುರುಮಾಡಿತು. ಹಾಗಾಗಿ ಇಲ್ಲಿ ಕೆಲಸ ಬಿಟ್ಟರೆ ಹಕ್ಕು ಹೋಗುತ್ತದೆ, ಅಲ್ಲಿ ದೇಶ ಬಿಟ್ಟರೆ ಹೋಗುತ್ತದೆ. ಹುಟ್ಟಾ ಬ್ರಿಟಿಷರಾದರೂ ಸಂಗಾತಿಯ ಜೊತೆ ಬೇರೆ ದೇಶದಲ್ಲಿ ನೆಲೆನಿಂತರೆ ಎನ್‌ಎಚ್‌ಎಸ್‌ ಆಸ್ಪತ್ರೆಯ ಉಚಿತ ಚಿಕಿತ್ಸೆ ಕೈತಪ್ಪುತ್ತದೆ, ಏಕೆಂದರೆ ಅಲ್ಲಿ ನೋಡುವುದು ವಾಸವನ್ನು, ಪಾಸ್‌ಪೋರ್ಟನ್ನಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಂಥ ದೇಶಗಳ ಜೊತೆ ಬ್ರಿಟನ್ ಮಾಡಿಕೊಂಡಿರುವ ಪರಸ್ಪರ ಚಿಕಿತ್ಸೆಯ ಒಪ್ಪಂದ ಭಾರತದ ಜೊತೆ ಇಲ್ಲ. ಇಬ್ಬರು ಮದುವೆಯಾಗಿ ಒಬ್ಬರ ಊರಿಗೆ ಇನ್ನೊಬ್ಬರು ಹೊರಟರೆ, ಹೊರಟವರು ಮೊದಲಿನಿಂದ ಆರಂಭಿಸಬೇಕು.

ಕೆಲಸ ಬಿಡುವ ದಿನ ಆಸ್ಪತ್ರೆಯ ಲೆಕ್ಕದ ವಿಭಾಗದ ಹಿರಿಯರೊಬ್ಬರು ಅವಳನ್ನು ಕರೆದು ಕೂರಿಸಿಕೊಂಡು ಹೇಳಿದರು: "ಇಎಸ್‌ಐ ಇವತ್ತೇ ನಿಂತುಹೋಗಲ್ಲ ಕಣಮ್ಮ. ಅಕ್ಟೋಬರಿಂದ ಮಾರ್ಚ್‌ವರೆಗೆ ಕಟ್ಟಿದೀಯಲ್ಲ, ಅದರ ಸವಲತ್ತು ಜುಲೈಯಿಂದ ಡಿಸೆಂಬರ್‌ವರೆಗೆ ಇರುತ್ತೆ. ಅಮ್ಮಂಗೆ ಏನಾದ್ರೂ ಮಾಡಿಸೋದಿದ್ರೆ ಅಷ್ಟರೊಳಗೆ ಮಾಡಿಸಿಬಿಡು."

ಇದು ಇಎಸ್‌ಐ ಒಳಗಿರುವ ಬಹಳ ಮಂದಿಗೂ ಗೊತ್ತಿರದ ಲೆಕ್ಕ. ವರ್ಷದಲ್ಲಿ ಕಂತಿನ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲನೆಯದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದರ ಫಲ ಜುಲೈನಿಂದ ಡಿಸೆಂಬರ್‌ವರೆಗೆ. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಸಂದಿದ್ದರೆ ಅದಕ್ಕೆ ತಕ್ಕ ಅವಧಿಯ ಕೊನೆಯ ದಿನದವರೆಗೂ ಚಿಕಿತ್ಸೆಯ ಹಕ್ಕಿರುತ್ತದೆ. ಮಾರ್ಚ್ ಕೊನೆಗೆ ಕೆಲಸ ಬಿಟ್ಟ ಅವಳಿಗೂ ಅವಳ ಅಮ್ಮನಿಗೂ 2022ರ ಡಿಸೆಂಬರ್ 31ರವರೆಗೆ ರಕ್ಷೆಯಿತ್ತು. ಮಾರ್ಚ್ ಬದಲು ಜನವರಿಯ ಮೊದಲ ವಾರದಲ್ಲೇ ಬಿಟ್ಟಿದ್ದರೂ ಅಕ್ಟೋಬರ್‌ನಿಂದ ದುಡಿದ ದಿನಗಳು 78 ದಾಟಿದ್ದರೆ ಸಾಕಿತ್ತು. ಮದುವೆಗೆಂದು ಕೆಲಸ ಬಿಡುವ ಹೆಣ್ಣುಮಕ್ಕಳು ಮುಹೂರ್ತದ ಜೊತೆಗೆ ಈ ತಾರೀಖನ್ನೂ ನೋಡಿಕೊಳ್ಳಬೇಕು.

ಆ ವರ್ಷ ವೀಸಾ ಕೂಡ ತಡವಾಯಿತು. ಉಕ್ರೇನ್ ಯುದ್ಧದಿಂದ ನೆಲೆ ಕಳೆದುಕೊಂಡವರ ಅರ್ಜಿಗಳಿಗೆ ಬ್ರಿಟನ್ ಆದ್ಯತೆ ಕೊಟ್ಟು, ಸಂಗಾತಿ ವೀಸಾದ 12 ವಾರಗಳ ಗಡುವನ್ನು 24 ವಾರಗಳಿಗೆ ವಿಸ್ತರಿಸಿತ್ತು. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಅವಳು ಅಮ್ಮನನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದು ಬಲಗಣ್ಣಿನ ಪೊರೆ ತೆಗೆಸಿದಳು. ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯಿಂದ ಹೊರಬಂದ ಅಮ್ಮ, "ನೀನು ಹೋಗೋದನ್ನ ಕಣ್ತುಂಬ ನೋಡ್ಬಹುದು ಬಿಡು" ಅಂದರು.

ನವೆಂಬರ್‌ನಲ್ಲಿ ಅವಳು ಬರ್ಮಿಂಗ್‌ಹ್ಯಾಮ್ ಸೇರಿದಳು. ಮನೆಯ ಹತ್ತಿರದ ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ಹೆಸರು ಬರೆಸಲು ಒಂದು ಅರ್ಜಿ ತುಂಬಿದ್ದೇ ಸಾಕಾಯಿತು. ಸ್ವಲ್ಪ ದಿನದಲ್ಲಿ ಎನ್‌ಎಚ್‌ಎಸ್‌ ಸಂಖ್ಯೆ ಬಂತು. ಥೈರಾಯ್ಡ್ ಪರೀಕ್ಷೆಯ ಹಳೆಯ ವರದಿಗಳನ್ನು ಬೆಂಗಳೂರಿನಿಂದಲೇ ತಂದಿದ್ದಳು. ಡಾಕ್ಟರು ಹೊಸದಾಗಿ ರಕ್ತ ತೆಗೆಸಿ, ಅದೇ ಮಾತ್ರೆ ಬರೆದರು. ಔಷಧಿ ಅಂಗಡಿಯಲ್ಲಿ ಆಗಿನ ದರದಂತೆ 9.35 ಪೌಂಡ್ ಕೊಟ್ಟಳು. ಇಂಗ್ಲೆಂಡಿನಲ್ಲಿ ಮಾತ್ರೆ ಎಷ್ಟೇ ಅಗ್ಗವಾಗಿರಲಿ, ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೂ ಒಂದೇ ದರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಲ್ಲಿ ಅದೂ ಇಲ್ಲ.

ಎರಡನೇ ಸಲ ಹೋದಾಗ ಅಂಗಡಿಯ ಫಾರ್ಮಸಿಸ್ಟ್ ಅವಳ ಚೀಟಿ ನೋಡಿ, ವಿನಾಯಿತಿ ಪತ್ರ ಮಾಡಿಸಿಲ್ಲವೇ ಎಂದು ಕೇಳಿದರು. ಥೈರಾಯ್ಡ್ ಕೊರತೆಗೆ ದಿನವೂ ಹಾರ್ಮೋನ್ ಮಾತ್ರೆ ನುಂಗಬೇಕಾದವರಿಗೆ, ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವ ಸಕ್ಕರೆ ಕಾಯಿಲೆಯವರಿಗೆ ಇಂಗ್ಲೆಂಡಿನಲ್ಲಿ ಎಲ್ಲ ಔಷಧಿಯೂ ಉಚಿತ. ಎಫ್‌ಪಿ92ಎ ಎಂಬ ಅರ್ಜಿಗೆ ಕ್ಲಿನಿಕ್‌ನವರ ಸಹಿ ಹಾಕಿಸಿದರೆ ಐದು ವರ್ಷದ ಪತ್ರ ಬರುತ್ತದೆ. ಅದು ಬಂದ ಮೇಲೆ ಅವಳ ಮಾತ್ರೆಗೆ ಮತ್ತೆ ದುಡ್ಡು ಕೊಡಬೇಕಾಗಲಿಲ್ಲ. ಹಕ್ಕು ಇದ್ದರೆ ಸಾಲದು, ಅದು ಇದೆ ಎಂದು ಹೇಳುವವರೂ ಸಿಗಬೇಕು. ಬೆಂಗಳೂರಿನಲ್ಲಿ ಲೆಕ್ಕದ ವಿಭಾಗದ ಹಿರಿಯರು, ಇಲ್ಲಿ ಈ ಫಾರ್ಮಸಿಸ್ಟ್. ಇಬ್ಬರನ್ನೂ ಅವಳು ಇಂದಿಗೂ ನೆನೆಯುತ್ತಾಳೆ.

ಮರುವರ್ಷ ಅವಳಿಗೆ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಆರೋಗ್ಯ ಸೇವೆಯಲ್ಲಿ ವಾರಕ್ಕೆ ಸರಾಸರಿ 16 ಗಂಟೆಯಾದರೂ ದುಡಿಯುವ ವಲಸಿಗರು ಕಟ್ಟಿದ ಸರ್ಚಾರ್ಜನ್ನು ಆರು ತಿಂಗಳ ಕಂತುಗಳಲ್ಲಿ ವಾಪಸು ಪಡೆಯಲು ಅವಕಾಶವಿದೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳನ್ನು ನಡೆಸಿದವರಿಂದಲೇ ಆಸ್ಪತ್ರೆಯ ಶುಲ್ಕ ಕೀಳುವುದು ಸರಿಯೇ ಎಂಬ ಕೂಗೆದ್ದು 2020ರಲ್ಲಿ ಬಂದ ಬದಲಾವಣೆ ಇದು. ಅವಳಿಗೂ ಹಣ ಮರಳತೊಡಗಿತು. ಹೀಗೆ ಅವಳ ಮಟ್ಟಿಗೆ ಕಳೆದುಹೋದದ್ದು ಬೇರೆ ರೂಪದಲ್ಲಿ ಸಿಕ್ಕಿತು.

ಅಮ್ಮನ ಕತೆ ಬೇರೆ. 2023ರ ಜನವರಿಯಲ್ಲಿ ಡಿಸ್ಪೆನ್ಸರಿಗೆ ಹೋದ ಅಮ್ಮ ಸಂಜೆ ಫೋನ್ ಮಾಡಿದರು. "ಕಂಪ್ಯೂಟರಲ್ಲಿ ನನ್ನ ಹೆಸರು ಬರ್ತಿಲ್ವಂತೆ ಕಣೇ. ನಿಮ್ಮ ಮಗಳು ಕೆಲಸದಲ್ಲಿಲ್ಲ ಅಂದ್ರು." ಮೊದಲೇ ಗೊತ್ತಿದ್ದ ಸಂಗತಿ. ಆದರೂ ತಾನು ಹೊಸ ಊರಿನಲ್ಲಿ ಉಚಿತ ಮಾತ್ರೆ ತರುತ್ತಿರುವ ಹೊತ್ತಿಗೆ ಅಮ್ಮ ಬರಿಗೈಯಲ್ಲಿ ಬಸ್ ಹತ್ತಿದ್ದನ್ನು ಕೇಳಿ ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಅಮ್ಮ ತುಮಕೂರಿನ ಮನೆಗೆ ಮರಳಿದರು. ಅವಳ ತಮ್ಮ ಅಲ್ಲಿ ಆ್ಯಪ್ ಕಂಪನಿಯೊಂದಕ್ಕೆ ಬೈಕಿನಲ್ಲಿ ಊಟ ತಲುಪಿಸುತ್ತಿದ್ದ. ಆ ದುಡಿಮೆಗೆ ಇಎಸ್‌ಐ ಇರಲಿಲ್ಲ. ಸಕ್ಕರೆ, ಬಿಪಿ ಮಾತ್ರೆಗಳು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಿದ್ದವು. ದೊಡ್ಡ ಕಾಯಿಲೆ ಬಂದರೇನು ಗತಿ ಎಂಬುದೇ ಚಿಂತೆ. ಮಗಳ ಸಂಬಳದಿಂದಾಗಿ ಮನೆಯ ಪಡಿತರ ಚೀಟಿ ಎಪಿಎಲ್ ಆಗಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ದುಡಿಯುವ ಮಗಳು ಮನೆಯಿಂದ ಹೋದ ಮೇಲೂ ಅವಳ ಸಂಬಳದ ಗುರುತು ಚೀಟಿಯಲ್ಲಿ ಉಳಿದಿತ್ತು.

ಇಎಸ್‌ಐಯಲ್ಲಿ ಒಂದು ಒಳ್ಳೆಯ ದಾರಿಯಿದೆ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಾವೂ ಸಂಗಾತಿಯೂ ಚಿಕಿತ್ಸೆ ಮುಂದುವರಿಸಬಹುದು. ಆದರೆ ಅದು ನಿವೃತ್ತರಿಗೆ. ಇಪ್ಪತ್ತೆಂಟರಲ್ಲಿ ರಾಜೀನಾಮೆ ಕೊಟ್ಟ ಮಗಳಿಗೆ, ಅವಳನ್ನೇ ನೆಚ್ಚಿದ್ದ ಅಮ್ಮನಿಗೆ ಆ ದಾರಿಯಿಲ್ಲ. ಅವಳ ವಾದ ಸರಳ: ಬೇಕಾದರೆ ನೌಕರಳ ಪಾಲು, ಮಾಲೀಕನ ಪಾಲು ಎರಡನ್ನೂ ಕಟ್ಟುತ್ತೇನೆ, ಅಮ್ಮನ ಹೆಸರು ಉಳಿಸಿಕೊಡಿ. ಪೌಂಡುಗಳಲ್ಲಿ ದುಡಿಯುವ ಮಗಳಿಗೆ ಆ ಮೊತ್ತ ಹೊರೆಯಲ್ಲ. ಸಂಸ್ಥೆಗೂ ನಷ್ಟವಿಲ್ಲ. ಹೊರದೇಶಕ್ಕೆ ಹೋಗುವ ಮಕ್ಕಳ ತಂದೆತಾಯಿಗೆ ಇಂಥದೊಂದು ಬಾಗಿಲು ತೆರೆಯುವುದು ಕಷ್ಟದ ಕೆಲಸವಲ್ಲ, ಮಾಡಲೇಬೇಕಾದ ಕೆಲಸ.

ಉಳಿದದ್ದು ಖಾಸಗಿ ವಿಮೆ. 2023ರ ಫೆಬ್ರುವರಿಯಲ್ಲಿ 59 ವರ್ಷದ ಅಮ್ಮನ ಹೆಸರಿಗೆ ಪಾಲಿಸಿ ಮಾಡಿಸಿದಳು. ಶೇ 18 ಜಿಎಸ್‌ಟಿ ಸೇರಿ ಕಂತು ವರ್ಷಕ್ಕೆ 20,000 ದಾಟಿತು. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷ ಕಾಯಬೇಕು ಎಂಬ ಷರತ್ತು. ಇಷ್ಟು ವರ್ಷ ಇಎಸ್‌ಐಯಲ್ಲಿದ್ದೆವು ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಒಂದು ವಿಮಾ ಕಂಪನಿಯ ಪಾಲಿಸಿಯಿಂದ ಇನ್ನೊಂದಕ್ಕೆ ಹೋಗುವವರು ಕಾದ ವರ್ಷಗಳನ್ನು ಜೊತೆಗೆ ಕೊಂಡೊಯ್ಯುವ ಸೌಲಭ್ಯ 2011ರಿಂದ ಇದೆ. ಇಎಸ್‌ಐಯಿಂದ ಬರುವವರು ಹೊಸಬರೇ.

2024ರ ಮಳೆಗಾಲದಲ್ಲಿ ಅಮ್ಮನ ಪಾದಕ್ಕೆ ಮೊಳೆ ಚುಚ್ಚಿತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದ ಅಮ್ಮನಿಗೆ ನೋವೇ ತಿಳಿಯಲಿಲ್ಲ. ವಿಡಿಯೊ ಕಾಲ್‌ನಲ್ಲಿ ಯಾವುದೋ ಮಾತಿನ ನಡುವೆ ಅಮ್ಮ ಕಾಲು ಮಡಿಸಿ ಕೂತಾಗ ಮಗಳ ಕಣ್ಣಿಗೆ ಬಟ್ಟೆ ಸುತ್ತಿದ ಪಾದ ಬಿತ್ತು.

"ಬಿಚ್ಚಿ ತೋರ್ಸು ಅಮ್ಮ."

"ಏನಿಲ್ಲ ಕಣೇ, ಅರಿಶಿನ ಹಚ್ಚಿದೀನಿ."

ಗಾಯದ ಸುತ್ತ ಕಪ್ಪಾಗಿತ್ತು. ಆ ಬಣ್ಣ ಏನೆಂದು ಅವಳಿಗೆ ಗೊತ್ತು. ಅವಳ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಎಷ್ಟೋ ಹಿರಿಯರ ಪಾದಗಳನ್ನು ದಿನವೂ ತೊಳೆದು ಒರೆಸುತ್ತಾಳೆ, ಬೆರಳುಗಳ ನಡುವೆ ನೋಡುತ್ತಾಳೆ, ಚರ್ಮ ಕೆಂಪಗಿದ್ದರೆ ನರ್ಸ್‌ಗೆ ಹೇಳುತ್ತಾಳೆ. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆಯಾದರೂ ಪಾದದ ತಪಾಸಣೆ ಮಾಡುವುದು ರೂಢಿ. ಯಾರದೋ ಅಮ್ಮಂದಿರ ಪಾದ ಕಾಯುವ ತನಗೆ ತನ್ನಮ್ಮನ ಪಾದ ಪರದೆಯ ಮೇಲೆ ಕಾಣಿಸಿತಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು. ತಮ್ಮ ಆ ರಾತ್ರಿಯೇ ಅಮ್ಮನನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ. ಕೊಳೆತ ಭಾಗ ತೆಗೆದು ಪಾದ ಉಳಿಸಿದರು. ಬಿಲ್ಲು 80,000 ದಾಟಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಮೂರು ವರ್ಷ ತುಂಬಿಲ್ಲ ಎಂಬ ಕಾರಣಕ್ಕೆ ವಿಮೆಯವರು ಹಣ ಕೊಡಲಿಲ್ಲ. ಅವಳ ಉಳಿತಾಯದಲ್ಲಿ ಬಿಲ್ಲು ತೀರಿತು.

ಅಮ್ಮನನ್ನು ಅಲ್ಲಿಗೇ ಕರೆಸಿಕೋ ಎಂದು ನೆಂಟರು ಹೇಳಿದರು. ಬ್ರಿಟನ್ 2012ರ ಜುಲೈನಿಂದ ಆ ದಾರಿಯನ್ನು ಬಹಳ ಕಿರಿದು ಮಾಡಿದೆ. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕು, ಆ ಆರೈಕೆ ಹಣ ಕೊಟ್ಟರೂ ತಾಯ್ನಾಡಿನಲ್ಲಿ ಸಿಗುವುದಿಲ್ಲ ಎಂದು ಸಾಬೀತು ಮಾಡಿದರೆ ಮಾತ್ರ ತಂದೆತಾಯಿಗೆ ನೆಲೆಸುವ ಅನುಮತಿ. ಓಡಾಡುವ ಅಮ್ಮನಿಗೆ ಅದು ಸಿಗುವಂಥದಲ್ಲ. ಪ್ರವಾಸಿಯಾಗಿ ಬರಬಹುದು. ಆಗ ಕುಟುಂಬ ವೈದ್ಯರನ್ನು ಕಾಣಲು, ತುರ್ತು ವಿಭಾಗದಲ್ಲಿ ತೋರಿಸಿಕೊಳ್ಳಲು ಹಣ ಕೊಡಬೇಕಿಲ್ಲ. ಅಲ್ಲಿಂದ ವಾರ್ಡಿಗೆ ದಾಖಲಾದರೆ ಎನ್‌ಎಚ್‌ಎಸ್‌ ದರದ ಒಂದೂವರೆ ಪಟ್ಟು ಬಿಲ್ಲು. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳ ಅಮ್ಮ ಹೊರಗಿನವರು. ಬೆಂಗಳೂರಿನ ಕಾರ್ಡಿನಲ್ಲಿ ಮಗಳ ಪಕ್ಕದಲ್ಲಿದ್ದ ಅಮ್ಮನಿಗೆ ಇಲ್ಲಿನ ಯಾವ ಅರ್ಜಿಯಲ್ಲೂ ಜಾಗವಿಲ್ಲ.

2025ರ ಆರಂಭದಲ್ಲಿ ತಮ್ಮನಿಗೆ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಸಂಬಳ 17,200, ಅದರಲ್ಲಿ ಇಎಸ್‌ಐ ಕಡಿತ 129. ಮೊದಲ ತಿಂಗಳೇ ಅವನು ಅಮ್ಮನ ಆಧಾರ್, ಫೋಟೊ ಕೊಟ್ಟು ಹೆಸರು ಸೇರಿಸಿದ. ಕಾಲಿನ ಡ್ರೆಸಿಂಗ್, ಸಕ್ಕರೆಯ ಪರೀಕ್ಷೆ, ಎಡಗಣ್ಣಿನ ಪೊರೆ ಈಗ ಅವನ ಕಾರ್ಡಿನಲ್ಲಿ ನಡೆಯುತ್ತಿವೆ. ಅದೇ ವರ್ಷ ಅಕ್ಕನ ವೀಸಾ ನವೀಕರಣದ ಸರದಿ. 2024ರ ಫೆಬ್ರುವರಿಯಿಂದ ಸರ್ಚಾರ್ಜ್ ವರ್ಷಕ್ಕೆ 1,035 ಪೌಂಡ್ ಆಗಿದೆ. ಎರಡೂವರೆ ವರ್ಷಕ್ಕೆ 2,587.50 ಪೌಂಡ್. ಈ ಸಲ ಅದನ್ನು ಕಟ್ಟಿದ್ದು ಅವಳ ಖಾತೆಯಿಂದ. ಸಂಬಳದಲ್ಲಿ ಅಲ್ಲಿನ ತೆರಿಗೆಯೂ ವಿಮಾ ವಂತಿಗೆಯೂ ಹೋಗುತ್ತವೆ, ಅದರ ಮೇಲೆ ಇದು.

ಅಮ್ಮನ ಖಾಸಗಿ ಪಾಲಿಸಿಯನ್ನು ಇಬ್ಬರೂ ಬಿಟ್ಟಿಲ್ಲ. ಇಎಸ್‌ಐ ಸೇರಲು ಸಂಬಳದ ಮಿತಿ 21,000 ರೂಪಾಯಿ. 2017ರ ಜನವರಿಯಿಂದ ಆ ಅಂಕಿ ಕದಲಿಲ್ಲ. ಓಟಿ ಹಣವನ್ನು ಮಿತಿಗೆ ಹಿಡಿಯುವುದಿಲ್ಲವಾದರೂ ತಮ್ಮನಿಗೆ ಎರಡು ಸಲ ಸಂಬಳ ಏರಿದರೆ ಮಿತಿ ದಾಟಬಹುದು. ದಾಟಿದ ಕಂತಿನ ಅವಧಿ ಮುಗಿಯುವವರೆಗೆ ಕಟ್ಟಬೇಕು, ಆಮೇಲೆ ಅದರ ಫಲದ ಅವಧಿ, ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತಿಗೆ ಪಾಲಿಸಿಯ ಮೂರು ವರ್ಷ ತುಂಬಿ ಸಕ್ಕರೆ ಕಾಯಿಲೆಯೂ ವಿಮೆಯೊಳಗೆ ಬಂದಿರಬೇಕು ಎಂದು ಅಕ್ಕ ತಮ್ಮ ಲೆಕ್ಕ ಹಾಕಿದ್ದಾರೆ. ಒಂದು ದಿನವೂ ತಪ್ಪದಂತೆ ಪ್ರತಿ ವರ್ಷ ಜನವರಿಯಲ್ಲೇ ಅವಳು ಬರ್ಮಿಂಗ್‌ಹ್ಯಾಮಿನಿಂದ ಕಂತಿನ ಹಣ ಕಳಿಸುತ್ತಾಳೆ, ತಮ್ಮ ಕಟ್ಟಿ ರಸೀದಿಯ ಫೋಟೊ ಹಾಕುತ್ತಾನೆ.